ಎಂಟು ದೇಶಗಳು ಸೇರಿ ಒಂದೇ ದೇಶ: ಪೂರ್ವ ಆಫ್ರಿಕಾದ ಬಗ್ಗೆ ಹರಿದಾಡುವ ಮಾತಿನಲ್ಲಿ ನಿಜವೆಷ್ಟು?

ಆಫ್ರಿಕಾದ ನಕ್ಷೆ. ಅದರ ಪೂರ್ವ ಭಾಗಕ್ಕೆಲ್ಲ ಒಂದೇ ಬಣ್ಣ. ಎಂಟು ದೇಶಗಳು ಗಡಿ ಅಳಿಸಿಕೊಂಡು ಒಂದೇ ದೇಶವಾಗುತ್ತಿವೆ, ಇನ್ನು ಒಂದೇ ಹಣ, ಒಂದೇ ಸೇನೆ, ಒಬ್ಬರೇ ಅಧ್ಯಕ್ಷರು ಎಂಬ ಒಕ್ಕಣೆ. ಕೊನೆಯಲ್ಲಿ, ಅವರಿಂದ ಆಗುವುದಾದರೆ ಭಾರತ ಮತ್ತು ಅಕ್ಕಪಕ್ಕದ ದೇಶಗಳಿಂದ ಏಕಾಗದು ಎಂಬ ಪ್ರಶ್ನೆ. ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು, ನೆರೆಯ ದೇಶಗಳು ಹೀಗೆ ಒಂದಾಗುವುದು ಒಳ್ಳೆಯದೇ ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ

ಎಂಟು ದೇಶಗಳ ಕೂಟ ಇರುವುದು ನಿಜ. ಮುಂದೊಂದು ದಿನ ಒಂದೇ ಒಕ್ಕೂಟ ಸರ್ಕಾರದಡಿ ಬರಬೇಕು ಎಂಬ ಗುರಿಯನ್ನು ಅವು ಒಪ್ಪಂದದಲ್ಲೇ ಬರೆದುಕೊಂಡಿರುವುದೂ ನಿಜ. ಆದರೆ ಆ ದೇಶಗಳು ಒಂದಾಗಿಲ್ಲ. ಒಂದೇ ಹಣವೂ ಇಲ್ಲ, ಒಂದೇ ಸೇನೆಯೂ ಇಲ್ಲ, ಒಬ್ಬರೇ ಅಧ್ಯಕ್ಷರೂ ಇಲ್ಲ.

ಯಾವುದು ಈ ಕೂಟ?

ಇದರ ಹೆಸರು ಪೂರ್ವ ಆಫ್ರಿಕಾ ಸಮುದಾಯ. ಕಚೇರಿ ಇರುವುದು ಟಾಂಜಾನಿಯಾದ ಅರೂಷಾ ನಗರದಲ್ಲಿ. 1999ರ ನವೆಂಬರ್ 30ರಂದು ಕೀನ್ಯಾ, ಉಗಾಂಡ, ಟಾಂಜಾನಿಯಾ ಸಹಿ ಹಾಕಿದ ಒಪ್ಪಂದ 2000ದ ಜುಲೈ 7ರಂದು ಜಾರಿಗೆ ಬಂತು. 2007ರಲ್ಲಿ ರುವಾಂಡ ಮತ್ತು ಬುರುಂಡಿ, 2016ರಲ್ಲಿ ದಕ್ಷಿಣ ಸುಡಾನ್, 2022ರಲ್ಲಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, 2024ರಲ್ಲಿ ಸೊಮಾಲಿಯಾ ಸೇರಿದವು. ಎಲ್ಲ ಸೇರಿದರೆ ಜನಸಂಖ್ಯೆ 30 ಕೋಟಿಗೂ ಹೆಚ್ಚು, ನೆಲದ ವಿಸ್ತೀರ್ಣ ಭಾರತದ ಒಂದೂವರೆ ಪಟ್ಟಿಗಿಂತ ಜಾಸ್ತಿ.

ಒಂದಾಗಲು ಅವರು ನಾಲ್ಕು ಮೆಟ್ಟಿಲು ಹಾಕಿಕೊಂಡಿದ್ದಾರೆ. ಮೊದಲನೆಯದು ಸುಂಕದ ಒಕ್ಕೂಟ, ಇದು 2005ರಲ್ಲಿ ಶುರುವಾಯಿತು. ಎರಡನೆಯದು 2010ರಲ್ಲಿ ಬಂದ ಸಾಮಾನ್ಯ ಮಾರುಕಟ್ಟೆ. ಅಂದರೆ ಸರಕು, ಕೆಲಸಗಾರರು, ಬಂಡವಾಳ ಗಡಿ ದಾಟಿ ಓಡಾಡಬಹುದು. ಮೂರನೆಯದು ಒಂದೇ ಹಣ. ಇದಕ್ಕೆ 2013ರಲ್ಲಿ ಸಹಿ ಬಿತ್ತು, 2024ರೊಳಗೆ ತರುವ ಗುರಿ ಇತ್ತು, ಅದು ತಪ್ಪಿ ಈಗ 2031ಕ್ಕೆ ಹೋಗಿದೆ. ನಾಲ್ಕನೆಯದೇ ರಾಜಕೀಯ ಒಕ್ಕೂಟ. ಹರಿದಾಡುವ ಸಂದೇಶಗಳು ಈ ಕೊನೆಯ ಮೆಟ್ಟಿಲನ್ನು ಆಗಿಹೋಯಿತು ಎಂಬಂತೆ ಹೇಳುತ್ತವೆ.

ಕೂಟಕ್ಕೂ ಒಕ್ಕೂಟ ಸರ್ಕಾರಕ್ಕೂ ಏನು ವ್ಯತ್ಯಾಸ?

ನಮ್ಮ ದೇಶವನ್ನೇ ನೋಡಿ. ಕರ್ನಾಟಕಕ್ಕೆ ತನ್ನದೇ ವಿಧಾನಸಭೆ, ಮುಖ್ಯಮಂತ್ರಿ, ಪೊಲೀಸ್ ಇದ್ದಾರೆ. ಆದರೆ ಸೇನೆ, ವಿದೇಶಾಂಗ, ನೋಟು ಕೇಂದ್ರದ ಕೈಯಲ್ಲಿವೆ. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಹಣಕಾಸು ಆಯೋಗ ಶಿಫಾರಸು ಮಾಡುತ್ತದೆ. ಕಾವೇರಿ ನೀರಿಗೆ ಜಗಳವಾದರೆ ನ್ಯಾಯಮಂಡಳಿ, ಸುಪ್ರೀಂ ಕೋರ್ಟ್ ಇವೆ. ತೀರ್ಪು ಇಷ್ಟವಾಗದಿದ್ದರೂ ರಾಜ್ಯಗಳು ಒಪ್ಪಲೇಬೇಕು. ಇದು ಒಕ್ಕೂಟ ಸರ್ಕಾರ.

ಪೂರ್ವ ಆಫ್ರಿಕಾದಲ್ಲಿ ಹಾಗಿಲ್ಲ. ಅಲ್ಲಿ ಎಂಟು ದೇಶಗಳ ಅಧ್ಯಕ್ಷರು ಸೇರಿ ಎಲ್ಲರ ಒಪ್ಪಿಗೆಯಿಂದ ತೀರ್ಮಾನ ತೆಗೆದುಕೊಳ್ಳಬೇಕು. ಒಬ್ಬರು ಬೇಡ ಎಂದರೆ ಕೆಲಸ ನಿಲ್ಲುತ್ತದೆ. ಒಂದು ಶಾಸನಸಭೆಯೂ ನ್ಯಾಯಾಲಯವೂ ಇವೆ, ಆದರೆ ತೀರ್ಮಾನವನ್ನು ಜಾರಿ ಮಾಡಬೇಕಾದವರು ಆಯಾ ದೇಶದ ಸರ್ಕಾರಗಳೇ.

ಇದು ಮೊದಲ ಪ್ರಯತ್ನವಲ್ಲ

ಒಂದೇ ಹಣ ಅಲ್ಲಿಗೆ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ, 1920ರ ತನಕ ಕೀನ್ಯಾ, ಉಗಾಂಡದಲ್ಲಿ ಭಾರತದ ರೂಪಾಯಿ ಚಲಾವಣೆಯಲ್ಲಿತ್ತು. ಆಮೇಲೆ ಬಂದ ಪೂರ್ವ ಆಫ್ರಿಕಾ ಶಿಲ್ಲಿಂಗ್ ಮೂರೂ ದೇಶಗಳಲ್ಲಿ ನಡೆಯುತ್ತಿತ್ತು. 1966ರಲ್ಲಿ ಮೂವರೂ ಬೇರೆ ಬೇರೆ ನೋಟು ಅಚ್ಚು ಹಾಕಿಸಿಕೊಂಡರು.

ಟಾಂಜಾನಿಯಾದ ನಾಯಕ ಜೂಲಿಯಸ್ ನ್ಯೆರೆರೆ ಅವರಿಗೆ ಒಕ್ಕೂಟದ ಮೇಲೆ ಎಷ್ಟು ಆಸೆ ಇತ್ತೆಂದರೆ, ಮೂರೂ ದೇಶ ಒಟ್ಟಿಗೆ ಬರುವುದಾದರೆ ತಮ್ಮ ದೇಶದ ಸ್ವಾತಂತ್ರ್ಯವನ್ನೇ ಸ್ವಲ್ಪ ಮುಂದೂಡಲು ಸಿದ್ಧ ಎಂದು 1960ರಲ್ಲಿ ಹೇಳಿದ್ದರು. 1963ರ ಜೂನ್‌ನಲ್ಲಿ ನೈರೋಬಿಯಲ್ಲಿ ಕೆನ್ಯಾಟಾ, ನ್ಯೆರೆರೆ, ಒಬೋಟೆ ಮೂವರೂ ಸೇರಿ ವರ್ಷಾಂತ್ಯದೊಳಗೆ ಒಂದಾಗುತ್ತೇವೆ ಎಂದು ಘೋಷಿಸಿದರು. ವರ್ಷ ಮುಗಿಯಿತು, ಒಕ್ಕೂಟ ಆಗಲಿಲ್ಲ. ಕೇಂದ್ರಕ್ಕೆ ಎಷ್ಟು ಅಧಿಕಾರ, ರಾಜಧಾನಿ ಎಲ್ಲಿ ಎಂಬಲ್ಲೇ ಮಾತು ಮುರಿಯಿತು.

1967ರಲ್ಲಿ ಇನ್ನೊಂದು ಒಪ್ಪಂದವಾಯಿತು. ಈ ಸಲ ಸರ್ಕಾರ ಒಂದಲ್ಲ, ಸೇವೆಗಳು ಒಂದು: ರೈಲು, ಬಂದರು, ಅಂಚೆ, ವಿಮಾನ. ಸ್ವಲ್ಪ ವರ್ಷ ನಡೆಯಿತು. ಅಷ್ಟರಲ್ಲಿ ಟಾಂಜಾನಿಯಾ ಸಮಾಜವಾದದ ಹಾದಿ ಹಿಡಿದರೆ ಕೀನ್ಯಾ ಖಾಸಗಿ ಬಂಡವಾಳದ ಹಾದಿ ಹಿಡಿಯಿತು. ಲಾಭವೆಲ್ಲ ಕೀನ್ಯಾಕ್ಕೆ ಹೋಗುತ್ತಿದೆ ಎಂಬ ದೂರು ಬಂತು. 1971ರಲ್ಲಿ ಉಗಾಂಡದಲ್ಲಿ ಇದಿ ಅಮೀನ್ ಸೇನಾ ಕ್ರಾಂತಿಯಿಂದ ಅಧಿಕಾರ ಹಿಡಿದ. ಮರುವರ್ಷ ಅಲ್ಲಿನ ಭಾರತೀಯ ಮೂಲದವರನ್ನು ಹೊರಹಾಕಿದವನು ಇವನೇ. ಅವನ ಜೊತೆ ಒಂದೇ ಮೇಜಿಗೆ ಕೂರಲು ನ್ಯೆರೆರೆ ಒಪ್ಪಲಿಲ್ಲ.

1977ರಲ್ಲಿ ಎಲ್ಲವೂ ಕುಸಿಯಿತು. ಜಂಟಿ ವಿಮಾನ ಸಂಸ್ಥೆ ಮುಚ್ಚಿತು, ಟಾಂಜಾನಿಯಾ ಕೀನ್ಯಾದ ಜೊತೆಗಿನ ಗಡಿಯನ್ನು ಮುಚ್ಚಿ 1983ರ ತನಕ ತೆರೆಯಲಿಲ್ಲ. ಆಸ್ತಿ ಪಾಲಾಗಲು 1984 ಆಯಿತು. ಜಂಟಿ ಸಂಸ್ಥೆಗಳಲ್ಲಿ ದುಡಿದಿದ್ದ ಟಾಂಜಾನಿಯಾದ ನೌಕರರು ಪಿಂಚಣಿ ಬಾಕಿಗಾಗಿ ಹಲವು ದಶಕಗಳ ನಂತರವೂ ಬೀದಿಯಲ್ಲಿ, ಕೋರ್ಟಿನಲ್ಲಿ ಹೋರಾಡಬೇಕಾಯಿತು. ಬಾವುಟ, ನಕ್ಷೆ ನೋಡಿ ಖುಷಿಪಡುವಾಗ ನಾವು ಮರೆಯುವುದು ಇದನ್ನೇ. ದೇಶಗಳು ಆತುರದಲ್ಲಿ ಸೇರಿ ಜಗಳವಾಡಿ ಬೇರೆಯಾದರೆ ನಷ್ಟ ನಾಯಕರಿಗಲ್ಲ, ಸಂಬಳ ಪಿಂಚಣಿ ನಂಬಿಕೊಂಡವರಿಗೆ.

ಈ ಸಲ ಸಿಕ್ಕಿರುವ ಲಾಭ

ಲಾಭವೇ ಇಲ್ಲ ಎಂದಲ್ಲ. ಉಗಾಂಡ, ರುವಾಂಡ, ಬುರುಂಡಿ, ದಕ್ಷಿಣ ಸುಡಾನ್‌ಗಳಿಗೆ ಸಮುದ್ರವೇ ಇಲ್ಲ. ಪೆಟ್ರೋಲಿನಿಂದ ಗೊಬ್ಬರದವರೆಗೆ ಬಹುಪಾಲು ಬರಬೇಕಾದದ್ದು ಕೀನ್ಯಾದ ಮೊಂಬಾಸಾ ಅಥವಾ ಟಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿನಿಂದ. 2007ರ ಕೊನೆಯಲ್ಲಿ ಕೀನ್ಯಾದಲ್ಲಿ ಚುನಾವಣೆ ನಂತರ ಗಲಭೆಯಾದಾಗ ಉಗಾಂಡ, ರುವಾಂಡಗಳಲ್ಲಿ ಇಂಧನದ ಅಭಾವ ಉಂಟಾಯಿತು. ಇಂಥ ದೇಶಗಳಿಗೆ ನೆರೆಯ ದೇಶದ ರಸ್ತೆ ತೆರೆದಿರುವುದು ಅನ್ನದ ಪ್ರಶ್ನೆ.

ಮಲಾಬಾ, ನಮಾಂಗ ಮುಂತಾದ ಗಡಿಗಳಲ್ಲಿ ಲಾರಿಗಳು ಎರಡೂ ಕಡೆ ಕಾಗದ ತೋರಿಸುವ ಬದಲು ಈಗ ಒಂದೇ ಕಡೆ ತೋರಿಸಿದರೆ ಸಾಕು. ಕೀನ್ಯಾ, ಉಗಾಂಡ, ರುವಾಂಡದ ಜನ 2014ರಿಂದ ಪಾಸ್‌ಪೋರ್ಟ್ ಇಲ್ಲದೆ ಗುರುತಿನ ಚೀಟಿ ತೋರಿಸಿ ಈ ಮೂರು ದೇಶಗಳಲ್ಲಿ ಓಡಾಡಬಹುದು. ಗಮನಿಸಿ, ಇವೆಲ್ಲ ಆಗಿದ್ದು ಒಂದೇ ಸರ್ಕಾರ ಇಲ್ಲದೆಯೇ.

ಆದರೆ ಇರುವ ಒಪ್ಪಂದವೂ ಸದಾ ಪಾಲನೆಯಾಗುವುದಿಲ್ಲ. 2017ರಲ್ಲಿ ಕೀನ್ಯಾದಿಂದ ಬಂದ 6,400 ಕೋಳಿಮರಿಗಳನ್ನು ರೋಗದ ಭಯ ಎಂದು ಟಾಂಜಾನಿಯಾದ ಅಧಿಕಾರಿಗಳು ಸುಟ್ಟರು. 2021ರಲ್ಲಿ ಉಗಾಂಡ, ಟಾಂಜಾನಿಯಾಗಳ ಮೆಕ್ಕೆಜೋಳದಲ್ಲಿ ಬೂಷ್ಟಿನ ವಿಷವಿದೆ ಎಂದು ಕೀನ್ಯಾ ಅದನ್ನು ಕೆಲವು ದಿನ ತಡೆಯಿತು. ರುವಾಂಡ 2019ರಲ್ಲಿ ಮುಚ್ಚಿದ ಉಗಾಂಡದ ಮುಖ್ಯ ಗಡಿ ಮತ್ತೆ ತೆರೆದದ್ದು 2022ರ ಜನವರಿಯಲ್ಲಿ.

ಗಂಟು ಇರುವುದು ಮೂರು ಕಡೆ

ಮೊದಲನೆಯದು, ಮತ. ಈಗಿನ ಶಾಸನಸಭೆಗೆ ಪ್ರತಿ ದೇಶದಿಂದ 9 ಜನ ಆಯ್ಕೆಯಾಗುತ್ತಾರೆ. ಸುಮಾರು 10 ಕೋಟಿ ಜನರ ಕಾಂಗೋಗೂ 9, ಸುಮಾರು 1.3 ಕೋಟಿ ಜನರ ರುವಾಂಡಕ್ಕೂ 9. ನಿಜವಾದ ಸರ್ಕಾರ ಬಂದರೆ ಕಾಂಗೋದವರು ಇದನ್ನು ಒಪ್ಪುವರೇ? ಜನಸಂಖ್ಯೆಗೆ ತಕ್ಕಂತೆ ಸೀಟು ಕೊಟ್ಟರೆ ರುವಾಂಡದವರು ಒಪ್ಪುವರೇ? ಲೋಕಸಭಾ ಕ್ಷೇತ್ರ ಮರುವಿಂಗಡಣೆಯ ಮಾತು ಬಂದಾಗ ದಕ್ಷಿಣದ ರಾಜ್ಯಗಳಲ್ಲಿ ಏಳುವ ಆತಂಕ ನಮಗೆ ಗೊತ್ತೇ ಇದೆ. ಅದೇ ಆತಂಕ ಅಲ್ಲಿ ದೇಶ ದೇಶಗಳ ನಡುವೆ ಇದೆ.

ಎರಡನೆಯದು, ಹಣ ಮತ್ತು ನೆಲ. ಹಲವು ಸದಸ್ಯ ದೇಶಗಳು ಕೂಟದ ವಂತಿಗೆಯನ್ನೇ ಬಾಕಿ ಇಟ್ಟಿವೆ. ಒಕ್ಕೂಟವನ್ನು ಬೇಗ ಮಾಡೋಣವೇ ಎಂದು 2006–07ರಲ್ಲಿ ಜನರನ್ನು ಕೇಳಿದಾಗ ಟಾಂಜಾನಿಯಾದ ಹೆಚ್ಚಿನವರು ಬೇಡ ಎಂದರು. ನೆರೆಯವರು ಬಂದು ನಮ್ಮ ಭೂಮಿ, ನಮ್ಮ ಕೆಲಸ ತೆಗೆದುಕೊಂಡರೆ ಎಂಬ ಭಯ ಅವರದಾಗಿತ್ತು.

ಮೂರನೆಯದು, ಸೇನೆ. 2025ರ ಆರಂಭದಲ್ಲಿ ಕಾಂಗೋದ ಗೋಮಾ, ಬುಕಾವು ನಗರಗಳನ್ನು ಎಂ23 ಬಂಡುಕೋರರು ವಶಪಡಿಸಿಕೊಂಡರು. ಇವರಿಗೆ ರುವಾಂಡದ ಬೆಂಬಲವಿದೆ ಎಂದು ವಿಶ್ವಸಂಸ್ಥೆಯ ತಜ್ಞರು ವರದಿ ಮಾಡಿದ್ದಾರೆ, ರುವಾಂಡ ಅಲ್ಲಗಳೆಯುತ್ತದೆ. ಒಂದೇ ಕೂಟದ ಎರಡು ದೇಶಗಳ ನಡುವೆಯೇ ಸ್ಥಿತಿ ಹೀಗಿರುವಾಗ, ಒಂದೇ ಸೇನೆಯ ದಂಡನಾಯಕ ಯಾರ ಮಾತು ಕೇಳಬೇಕು?

ಇದನ್ನೆಲ್ಲ ನೋಡಿಯೇ ನಾಯಕರು 2017ರಲ್ಲಿ ಗುರಿಯನ್ನು ಸ್ವಲ್ಪ ಇಳಿಸಿದರು. ಒಮ್ಮೆಲೇ ಒಕ್ಕೂಟ ಬೇಡ, ಮೊದಲು ಕಾನ್ಫೆಡರೇಷನ್ ಆಗಲಿ ಎಂದರು. ಅಂದರೆ ಪ್ರತಿ ದೇಶ ತನ್ನ ಸಾರ್ವಭೌಮತ್ವ ಉಳಿಸಿಕೊಂಡು, ಒಪ್ಪಿದ ಕೆಲವು ವಿಷಯಗಳನ್ನು ಮಾತ್ರ ಒಟ್ಟಿಗೆ ನಡೆಸುವ ವ್ಯವಸ್ಥೆ. ಅದರ ಸಂವಿಧಾನದ ಕರಡಿಗಾಗಿ ಕೆಲವು ದೇಶಗಳಲ್ಲಿ ಜನಾಭಿಪ್ರಾಯ ಕೇಳಲಾಗಿದೆ.

ಬೇರೆ ಕಡೆ ಏನಾಯಿತು?

ಯಶಸ್ವಿಯಾದ ಉದಾಹರಣೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಊರಲ್ಲೇ ಇದೆ. ದುಬೈ, ಅಬುಧಾಬಿ ಇರುವ ಯುಎಇ 1971ರ ಡಿಸೆಂಬರ್ 2ರಂದು ಆರು ಪುಟ್ಟ ಸಂಸ್ಥಾನಗಳು ಸೇರಿ ಆದ ಒಕ್ಕೂಟ. ಏಳನೆಯದಾದ ರಾಸ್ ಅಲ್ ಖೈಮಾ 1972ರ ಫೆಬ್ರವರಿಯಲ್ಲಿ ಸೇರಿತು. ಅಲ್ಲಿ ತೈಲ ಸಿಕ್ಕ ನೆಲ ಯಾರದೋ ತೈಲ ಅವರದೇ. ಸೇನೆಗಳನ್ನು ಒಂದುಗೂಡಿಸಿದ್ದು 1976ರಲ್ಲಿ. ಮಾತುಕತೆಯಲ್ಲಿದ್ದ ಬಹರೇನ್, ಕತಾರ್ ಬೇಡವೆಂದಾಗ ಅವು ತಮ್ಮ ಪಾಡಿಗೆ ಬೇರೆ ದೇಶಗಳಾದವು.

ಮುರಿದುಬಿದ್ದ ಉದಾಹರಣೆಗಳೂ ಇವೆ. 1963ರಲ್ಲಿ ಮಲೇಷ್ಯಾ ಸೇರಿದ ಸಿಂಗಪುರ 1965ರ ಆಗಸ್ಟ್ 9ರಂದು ಹೊರಬಂತು. ಕೆರಿಬಿಯನ್ ದ್ವೀಪಗಳ ವೆಸ್ಟ್ ಇಂಡೀಸ್ ಒಕ್ಕೂಟ 1958ರಿಂದ 1962ರವರೆಗೆ ಮಾತ್ರ ಬಾಳಿತು. ಅತಿ ದೊಡ್ಡ ಸದಸ್ಯ ಜಮೈಕಾದ ಜನ 1961ರಲ್ಲಿ ಹೊರಹೋಗಲು ಮತ ಹಾಕಿದರು. ಕ್ರಿಕೆಟ್ ತಂಡ ಒಂದೇ ಉಳಿಯಿತು, ಸರ್ಕಾರ ಉಳಿಯಲಿಲ್ಲ.

ಇನ್ನು ಟಾಂಜಾನಿಯಾ ದೇಶವೇ ಟಾಂಗಾನಿಕಾ ಮತ್ತು ಜಾಂಜಿಬಾರ್ 1964ರ ಏಪ್ರಿಲ್ 26ರಂದು ಒಂದಾಗಿ ಹುಟ್ಟಿದ್ದು. ಪುಟ್ಟ ಜಾಂಜಿಬಾರ್‌ಗೆ ಇಂದಿಗೂ ತನ್ನದೇ ಅಧ್ಯಕ್ಷರು, ಶಾಸನಸಭೆ ಇದ್ದಾರೆ. ಅಧಿಕಾರ ಹಂಚಿಕೆಯ ಬಗ್ಗೆ ತಕರಾರು ಇನ್ನೂ ಇದೆ, ಆದರೆ ಒಕ್ಕೂಟ ಮುರಿದಿಲ್ಲ.

ಹಾಗಾದರೆ ಒಂದಾಗಬೇಕೇ?

ಬೇಕು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ನಮಗೆ ಕಾಣುವುದಿಷ್ಟು. ಪೂರ್ವ ಆಫ್ರಿಕಾದ ಜನರಿಗೆ ಈವರೆಗೆ ಸಿಕ್ಕ ಲಾಭ ಬಂದದ್ದು ರಸ್ತೆ, ಬಂದರು, ಗಡಿ ಸುಲಭವಾದದ್ದರಿಂದ. ಸರ್ಕಾರಗಳು ಒಂದಾಗಬೇಕಾದರೆ ಯಾರಿಗೆ ಎಷ್ಟು ಮತ, ಯಾರ ಹಣ ಯಾರಿಗೆ, ಸೇನೆ ಯಾರ ಮಾತು ಕೇಳಬೇಕು, ಬೇಡವಾದರೆ ಹೊರಬರುವುದು ಹೇಗೆ ಎಂಬುದು ಮೊದಲೇ ತೀರ್ಮಾನವಾಗಬೇಕು. ಅದಕ್ಕೆ ಜನ ಒಪ್ಪಬೇಕು. ಅಲ್ಲಿಯವರೆಗೆ ಒಂದೊಂದೇ ಮೆಟ್ಟಿಲು ಹತ್ತುವುದೇ ಕ್ಷೇಮ.

ನಮ್ಮ ಕಡೆಯ ಪ್ರಶ್ನೆಗೂ ಇದೇ ಅಳತೆ. ಸಾರ್ಕ್ ದೇಶಗಳ ಜನರಲ್ಲಿ ಸುಮಾರು ಮುಕ್ಕಾಲು ಪಾಲು ಭಾರತದವರು. ಜನಸಂಖ್ಯೆಗೆ ತಕ್ಕ ಮತ ಎಂದರೆ ಉಳಿದವರ ಮಾತಿಗೆ ಬೆಲೆ ಇರದು, ದೇಶಕ್ಕೊಂದು ಮತ ಎಂದರೆ ನಾವು ಒಪ್ಪುವುದಿಲ್ಲ. ಸಾರ್ಕ್ ಶೃಂಗಸಭೆ ಕೊನೆಯದಾಗಿ ನಡೆದದ್ದು 2014ರಲ್ಲಿ, ಕಠ್ಮಂಡುವಿನಲ್ಲಿ. ಹಾಗೆಂದು ಹತ್ತಿರವಾಗುವ ದಾರಿ ಮುಚ್ಚಿಲ್ಲ. ಭಾರತೀಯರೂ ನೇಪಾಳದವರೂ ಇಂದಿಗೂ ವೀಸಾ ಇಲ್ಲದೆ ಗಡಿ ದಾಟುತ್ತಾರೆ, ಎರಡೂ ಸ್ವತಂತ್ರ ದೇಶಗಳಾಗಿಯೇ ಇವೆ.

ಮುಂದಿನವರಿಗೆ ಕಳಿಸುವ ಮುನ್ನ

ದೇಶಗಳು ಒಂದಾದವು ಎಂಬ ಸಂದೇಶ ಬಂದರೆ ಮೂರು ವಿಷಯ ನೋಡಿ: ನೋಟು ಒಂದೇ ಇದೆಯೇ, ಸೇನೆ ಒಂದೇ ಇದೆಯೇ, ವಿಶ್ವಸಂಸ್ಥೆಯಲ್ಲಿ ಅವರ ಕುರ್ಚಿ ಒಂದೇ ಇದೆಯೇ? ಪೂರ್ವ ಆಫ್ರಿಕಾದ ಮಟ್ಟಿಗೆ ಈ ಮೂರಕ್ಕೂ ಉತ್ತರ ಇಲ್ಲ ಎಂದೇ. ಹಾಗಾಗಿ ಇನ್ನೊಮ್ಮೆ ಆ ನಕ್ಷೆ ಬಂದಾಗ, ಅದು ಆಗಿರುವ ಸಂಗತಿಯಲ್ಲ, 1963ರಿಂದ ಬಾಕಿ ಇರುವ ಆಸೆ ಎಂದು ಗುಂಪಿನವರಿಗೆ ತಿಳಿಸಿ.