ಸಿ ಹಳೆಯದಾದರೇನು?

‘ಯಾವ ಲ್ಯಾಂಗ್ವೇಜ್ ಕಲಿತರೆ ಕೆಲಸ ಸಿಗುತ್ತೆ?’ ಹಾಸ್ಟೆಲ್‌ನಲ್ಲಿ ಇದು ನಿತ್ಯದ ಚರ್ಚೆ. ಅದರಲ್ಲಿ ಬರೆಯುವುದೇನನ್ನು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಿಮ್ಮ ಆಂಡ್ರಾಯ್ಡ್ ಫೋನಿನೊಳಗಿರುವ ಎಸ್‌ಕ್ಯೂಲೈಟ್ ನೋಡಿ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ಡೇಟಾಬೇಸ್ ಲೈಬ್ರರಿ ಇಂದಿಗೂ ಸಿ ಭಾಷೆಯಲ್ಲೇ ಇದೆ. ಕಾರಣ ವೇಗವೊಂದೇ ಅಲ್ಲ. ಸಿಯಲ್ಲಿ ಬರೆದದ್ದನ್ನು ಪೈಥಾನ್, ಜಾವಾ, ಸ್ವಿಫ್ಟ್ ಎಲ್ಲದರಿಂದಲೂ ಬಳಸಬಹುದು. ಜಾವಾದಲ್ಲಿ ಬರೆದಿದ್ದರೆ? ಪೈಥಾನ್ ಪ್ರೋಗ್ರಾಮಿಗೂ ಜೆವಿಎಂ ಜೊತೆಗೆ ಬೇಕಾಗುತ್ತಿತ್ತು. ಊಟಕ್ಕೆ ಕರೆದ ನೆಂಟರು ಒಲೆಯನ್ನೂ ಹೊತ್ತು ತಂದ ಹಾಗೆ!

ಅಪ್ಲಿಕೇಶನ್‌ಗೆ ಈ ಕಟ್ಟುಪಾಡಿಲ್ಲ. ಅದನ್ನು ಬಳಸುವವರು ಮನುಷ್ಯರು, ಒಳಗಿನ ಭಾಷೆ ಅವರಿಗೆ ಕಾಣುವುದೂ ಇಲ್ಲ. ಹಾಜರಾತಿ ಆ್ಯಪ್ ಬೇಗ ಮುಗಿಯಬೇಕು, ತಿದ್ದಲು ಸುಲಭವಿರಬೇಕು, ಅಷ್ಟೆ. ಪೈಥಾನ್ ಧಾರಾಳ ಸಾಕು. ನಮ್ಮ ಮಷೀನ್ ಲರ್ನಿಂಗ್ ಲ್ಯಾಬಿನ ನಂಪೈ ಎರಡನ್ನೂ ಕೂಡಿಸಿಕೊಂಡಿದೆ: ನಾವು ಬರೆಯುವುದು ಪೈಥಾನ್, ಒಳಗೆ ಲೆಕ್ಕ ಮಾಡುವುದು ಹೆಚ್ಚಾಗಿ ಸಿ.