ಶತಘ್ನಿಯ ಸ್ವರೂಪ

ನೂರು ಜನರನ್ನು ಕೊಲ್ಲುವುದೆಂದು ಹೆಸರೇ ಸಾರುವ ಶತಘ್ನಿಯನ್ನು ತೋಪೆಂದು ಬಗೆದವರು ಬಹುಮಂದಿ; 1880ರಲ್ಲಿ ಮದರಾಸಿನ ಸಂಸ್ಕೃತ ಪ್ರಾಧ್ಯಾಪಕ ಗುಸ್ತಾವ್ ಆಪರ್ಟರು, ಪ್ರಾಚೀನ ಭಾರತೀಯರು ಕೋವಿಮದ್ದನ್ನು ಬಲ್ಲವರಾಗಿದ್ದರೆಂದು ನೀತಿಪ್ರಕಾಶಿಕೆ, ಶುಕ್ರನೀತಿಗಳ ಆಧಾರದ ಮೇಲೆ ಪುಸ್ತಕವನ್ನೇ ಬರೆದ ಮೇಲಂತೂ ಇಂಥ ಊಹೆಗೆ ಪಾಂಡಿತ್ಯದ ಬೆಂಬಲವೂ ದೊರೆತಂತಾಯಿತು. ಆದರೆ ಆ ಎರಡು ಗ್ರಂಥಗಳೂ ಈಗಿರುವ ರೂಪದಲ್ಲಿ ಬಹಳ ಈಚಿನವೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಟ್ಟಿರುವುದರಿಂದ, ಅವುಗಳಿಗಿಂತ ಹಳೆಯ ಸಾಕ್ಷಿಗಳನ್ನು ವಿಚಾರಿಸುವುದೇ ಯುಕ್ತ.

ವಾಲ್ಮೀಕಿಯು ಸುಂದರಕಾಂಡದಲ್ಲಿ ಲಂಕೆಯನ್ನು ಸ್ತ್ರೀಯಾಗಿ ರೂಪಿಸುವಾಗ ಪ್ರಾಕಾರವನ್ನು ಜಘನವೆಂದೂ, ಬುರುಜುಗಳನ್ನು ಆಭರಣವೆಂದೂ, ಶತಘ್ನಿಗಳನ್ನೂ ಶೂಲಗಳನ್ನೂ ಒಟ್ಟಿಗೆ ಸೇರಿಸಿ ಕೇಶವೆಂದೂ ವರ್ಣಿಸುವನು. ಕೋಟೆಯ ನೆತ್ತಿಯ ಮೇಲೆ ಮೊನೆಯೆತ್ತಿ ನಿಂತ ವಸ್ತುಗಳಿಗಲ್ಲದೆ ಈ ರೂಪಕವು ಒಪ್ಪದು. ಯುದ್ಧಕಾಂಡದಲ್ಲಿ ಹನುಮಂತನು ಲಂಕೆಯ ದ್ವಾರರಕ್ಷಣೆಯನ್ನು ರಾಮನಿಗೆ ವಿವರಿಸುತ್ತ, ಕಬ್ಬಿಣದ ಹರಿತವಾದ ಶತಘ್ನಿಗಳನ್ನು ರಾಕ್ಷಸರು ನೂರುಗಟ್ಟಲೆ ಅಣಿಗೊಳಿಸಿರುವರೆಂದು ಹೇಳುವನು. ಹರಿತವಾದ ಆಯುಧವು ಚುಚ್ಚುವುದೋ ಸೀಳುವುದೋ ಆಗಿರಬೇಕಲ್ಲದೆ ಬೆಂಕಿಯುಗುಳುವ ನಳಿಗೆಯಾಗಿರಲಾರದು. ನನ್ನ ಮಟ್ಟಿಗೆ ಈ ಒಂದು ವಿಶೇಷಣವೇ ಎಲ್ಲಕ್ಕಿಂತ ಬಲವಾದ ಸಾಕ್ಷಿ.

ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಜಗತ್ತಿಗೆ ನೀಡಿದ ಕೌಟಿಲ್ಯನ ಅರ್ಥಶಾಸ್ತ್ರವು ಈ ವಿಷಯಕ್ಕೆ ಇನ್ನಷ್ಟು ಬೆಳಕು ಬೀರುವುದು. ಅಲ್ಲಿ ಆಯುಧಾಗಾರಾಧ್ಯಕ್ಷನ ಪ್ರಕರಣದಲ್ಲಿ ಶತಘ್ನಿಯು ಮುದ್ಗರ, ಗದೆ, ತ್ರಿಶೂಲ, ಚಕ್ರಗಳೊಡನೆ ಚಲಯಂತ್ರಗಳ ಸಾಲಿನಲ್ಲಿ ಬರುವುದು. ಕೋಟೆಗೋಡೆಯ ಮೇಲಿರಿಸಿದ, ಮೈತುಂಬ ಚೂಪಾದ ಮುಳ್ಳುಗಳುಳ್ಳ ದೊಡ್ಡ ಕಂಬವೇ ಶತಘ್ನಿಯೆಂಬುದು ಹಳೆಯ ವ್ಯಾಖ್ಯಾನ. ಮುತ್ತಿಗೆ ಹಾಕಿದವರು ಏಣಿ ಹಚ್ಚಿ ಗುಂಪುಗುಂಪಾಗಿ ಗೋಡೆಯೇರುತ್ತಿರುವಾಗ ಅಂಥ ಕಂಬವನ್ನು ಮೇಲಿನಿಂದ ಉರುಳಿಸಿಬಿಟ್ಟರೆ, ಮದ್ದಿನ ಹಂಗಿಲ್ಲದೆಯೇ ಆ ಹೆಸರು ಸಾರ್ಥಕವಾಗುವುದು; ಚಲಯಂತ್ರಗಳಲ್ಲಿ ಅದನ್ನು ಎಣಿಸಿದುದೂ ಆಗ ಹೊಂದುವುದೆಂದು ನನ್ನ ಊಹೆ.

ಹಾಗೆಂದು ಎಲ್ಲೆಡೆಯೂ ಅದು ಕಂಬವೇ ಎನ್ನುವಂತಿಲ್ಲ. ಮಹಾಭಾರತದ ದ್ರೋಣಪರ್ವದಲ್ಲಿ ಘಟೋತ್ಕಚನು ಚಕ್ರಗಳುಳ್ಳ ಶತಘ್ನಿಯೊಂದನ್ನು ಎಸೆದು ಕರ್ಣನ ನಾಲ್ಕು ಕುದುರೆಗಳನ್ನು ಒಮ್ಮೆಗೇ ಕೊಲ್ಲುವನು. ಒಂದೇ ಹೆಸರು ಕಾಲದಿಂದ ಕಾಲಕ್ಕೆ, ಕವಿಯಿಂದ ಕವಿಗೆ ಬೇರೆಬೇರೆ ವಸ್ತುಗಳಿಗೆ ಸಂದಿರುವುದರಿಂದ, ಆಯಾ ಸಂದರ್ಭದಲ್ಲಿ ಅದನ್ನು ನಿಲ್ಲಿಸಿದರೋ ಉರುಳಿಸಿದರೋ ಎಸೆದರೋ ಎಂಬುದನ್ನು ನೋಡಿಯೇ ಅರ್ಥವನ್ನು ನಿಶ್ಚಯಿಸಬೇಕು. ಕೋವಿಮದ್ದಿನ ಪಾಕವು ಲಿಖಿತರೂಪದಲ್ಲಿ ಸ್ಪಷ್ಟವಾಗಿ ದೊರೆಯುವುದು 1044ರ ಚೀನೀ ಗ್ರಂಥವೊಂದರಲ್ಲಿ. ವಾಲ್ಮೀಕಿ, ಕೌಟಿಲ್ಯರು ಅದಕ್ಕಿಂತ ಎಷ್ಟೋ ಶತಮಾನ ಹಿಂದಿನವರು. ಆದುದರಿಂದ ರಾಮಾಯಣವನ್ನು ಕನ್ನಡಿಸುವವರು ಶತಘ್ನಿಯನ್ನು ತೋಪೆಂದು ಬರೆಯದೆ ಶತಘ್ನಿಯೆಂದೇ ಉಳಿಸಿ, ಅಡಿಯಲ್ಲಿ ಒಂದು ಟಿಪ್ಪಣಿ ಕೊಡುವುದು ಒಳಿತು.