ವರದಿ ‘ನೆಗೆಟಿವ್’ ಎಂದರೆ ಕಾಯಿಲೆ ಇಲ್ಲವೆಂದೇ?

ಠಾಣೆ ಸ್ಟೇಷನ್ನಿನಲ್ಲಿ ಇಳಿದು ನೌಪಾಡಾದ ಮನೆ ಸೇರುವಷ್ಟರಲ್ಲಿ ಸುಸ್ತಾಗುವುದು ನಮಗೆಲ್ಲ ಮಾಮೂಲು. ಆದರೆ ಬೆಳಿಗ್ಗೆ ಸರಿಯಿದ್ದ ಕಣ್ಣಿನ ರೆಪ್ಪೆ ಸಂಜೆಗೆ ಜೋತುಬಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಊಟದ ನಡುವೆ ದವಡೆ ಸೋತರೆ ಅದನ್ನು ಲೋಕಲ್ ಟ್ರೇನಿನ ಸುಸ್ತೆಂದು ತಳ್ಳಿಹಾಕಬೇಡಿ. ಅದು ಮಯಸ್ತೇನಿಯಾ ಗ್ರೇವಿಸ್ ಇರಬಹುದು. 1980ರ ದಶಕದಲ್ಲಿ ನಟ ಅಮಿತಾಭ್ ಬಚ್ಚನ್ ಅವರನ್ನು ಕಾಡಿದ್ದೂ ಇದೇ ಕಾಯಿಲೆ.

ನರ ಕಳಿಸುವ ಸಂದೇಶವನ್ನು ಸ್ನಾಯುವಿನ ಮೇಲಿನ ಗ್ರಾಹಕಗಳು ಪಡೆಯುತ್ತವೆ. ಈ ಕಾಯಿಲೆಯಲ್ಲಿ ನಮ್ಮದೇ ದೇಹದ ಪ್ರತಿಕಾಯಗಳು ಅವುಗಳ ಮೇಲೆ ದಾಳಿ ಮಾಡುತ್ತವೆ. ಹಾಗಾಗಿ ಮೊದಲ ರಕ್ತಪರೀಕ್ಷೆ ಅಸಿಟೈಲ್‌ಕೋಲಿನ್ ಗ್ರಾಹಕದ ಪ್ರತಿಕಾಯಕ್ಕೆ. ಮೈಯೆಲ್ಲ ಹರಡಿದ ಕಾಯಿಲೆಯಲ್ಲಿ ಸುಮಾರು 85% ಜನರಲ್ಲಿ ಇದು ಪಾಸಿಟಿವ್. ಕಣ್ಣಿಗಷ್ಟೇ ಸೀಮಿತವಾದರೆ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ. ಅಂದರೆ ‘ನೆಗೆಟಿವ್’ ವರದಿಯಿಂದ ಕಾಯಿಲೆ ಇಲ್ಲವೆಂದು ಹೇಳಲಾಗದು. ಆಗ ‘ಮಸ್ಕ್’ ಪ್ರತಿಕಾಯದ ಪರೀಕ್ಷೆ, ನರವನ್ನು ಮತ್ತೆ ಮತ್ತೆ ಪ್ರಚೋದಿಸಿ ನೋಡುವ ಪರೀಕ್ಷೆ, ಸಿಂಗಲ್ ಫೈಬರ್ ಇಎಂಜಿ ನೆರವಾಗುತ್ತವೆ. ಕಾಯಿಲೆ ಖಚಿತವಾದರೆ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇದೆಯೇ ಎಂದು ನೋಡಲು ಎದೆಯ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ಇನ್ನೊಂದು ಮಾತು. ಪ್ರತಿಕಾಯದ ಅಂಕಿ ಕಾಯಿಲೆಯ ತೀವ್ರತೆಯ ಅಳತೆಯಲ್ಲ. ಪಕ್ಕದವರ ಅಂಕಿಯೊಂದಿಗೆ ನಿಮ್ಮದನ್ನು ಹೋಲಿಸಿ ಹೆದರಬೇಡಿ, ಕಡಿಮೆಯಿದೆಯೆಂದು ಮೈಮರೆಯಲೂಬೇಡಿ. ಯಾವ ಹೊತ್ತಿಗೆ ಏನಾಗುತ್ತದೆ ಎಂದು ಬರೆದಿಡಿ, ಜೋತುಬಿದ್ದ ರೆಪ್ಪೆಯ ಫೋಟೋ ತೆಗೆದಿಡಿ. ನರರೋಗ ತಜ್ಞರಿಗೆ ಇವೂ ವರದಿಯಷ್ಟೇ ಮುಖ್ಯ. ಕೆಲವು ಆ್ಯಂಟಿಬಯೋಟಿಕ್‌ಗಳು ಈ ಕಾಯಿಲೆಯನ್ನು ಉಲ್ಬಣಿಸುವುದರಿಂದ, ಯಾವ ವೈದ್ಯರ ಬಳಿ ಹೋದರೂ ಮೊದಲೇ ತಿಳಿಸಿ. ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ ವರದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೊರಡಿ.